ಸ್ಪಿಂಡಲ್ ಮೆಷಿನ್ನಿನ ಮುಚ್ಚಳ

ಚಿತ್ತವಾಡ್ಗಿ, ಹೊಸಪೇಟೆ
3 ಜೂನ್ 2024

ಜಂಬುನಾಥ ಮೇಸ್ತ್ರಿಯವರಿಗೆ,

ನಾನು ಹೇಮಾವತಿ. ಹೊನ್ನೂರಸ್ವಾಮಿಯವರ ಬಾಗಿಲ ಕಾರ್ಖಾನೆಯಲ್ಲಿ ಹಿಂದಿನ ಗೋಡೆಯ ಪಕ್ಕ ಕೂತು ಪಾಲಿಶ್ ಪೇಪರ್ ಉಜ್ಜುತ್ತಿದ್ದವಳು. ಆಗ ಮಲಪನಗುಡಿಯಿಂದ ಬರುತ್ತಿದ್ದೆ, ಈಗ ಚಿತ್ತವಾಡ್ಗಿಯಲ್ಲೇ ಮನೆ ಮಾಡಿದ್ದೇನೆ. ನೀವು ಕೆಲಸ ಬಿಟ್ಟು ಕಂಪ್ಲಿಗೆ ಹೋಗಿ ಏಳು ವರ್ಷವಾಯಿತು. ನನ್ನ ಮುಖ ಮರೆತಿರಬಹುದು.

ಮೊದಲು ಫೋನ್ ಮಾಡಿದೆ. ನಿಮ್ಮ ಮಗಳು ಚಂದ್ರಕಲಾ ಎತ್ತಿದರು. “ಅಪ್ಪಗ ಎರಡೂ ಕಿವಿ ಹೋಗ್ಯಾವಕ್ಕ. ಮೂವತ್ತು ವರ್ಷ ಆ ಮೆಷಿನ್ ಸದ್ದಿನಾಗ ನಿಂತಿದ್ದಕ್ಕ ಹಿಂಗಾಗೈತಿ ಅಂದ್ರು ಡಾಕ್ಟ್ರು. ಕಾಗದ ಬರೀರಿ, ಓದ್ತಾನ,” ಎಂದರು. ಅದಕ್ಕೇ ಈ ಕಾಗದ.

ನಿಮ್ಮ ನಂತರ ಬಾಗಿಲ ಪಟ್ಟಿ ಕೊರೆಯುವ ಆ ಸ್ಪಿಂಡಲ್ ಮೆಷಿನ್ನಿಗೆ ಮೂವರು ಬಂದು ಹೋದರು. ಕೊನೆಯವನು ಪ್ರವೀಣ. ಯುಗಾದಿಗೆ ಮುಂಚೆ ಅವನೂ ಬಿಟ್ಟು ತೋರಣಗಲ್ಲಿಗೆ ಹೋದ. ಈಗ ಸಂಡೂರಿನ ಹೊಸ ಹಾಸ್ಟೆಲಿಗೆ ನಲವತ್ತು ಬಾಗಿಲು ಕೇಳಿದ್ದಾರೆ. ಕಟರ್ ಕೂರಿಸಿ ಸೆಟ್ ಮಾಡುವವರಿಲ್ಲ ಅಂತ ಓನರ್ ಹೊರಗಿನಿಂದ ಸಿದ್ಧ ಬಾಗಿಲು ತರಿಸಿ, ಮೆಷಿನ್ ಮಾರಿಬಿಡುವ ಮಾತಾಡಿದರು. ನಾನು ಸೆಟ್ ಮಾಡುತ್ತೇನೆ ಅಂದೆ. ಮೊದಲು ನಕ್ಕರು. ಆಮೇಲೆ ನಾನು ಅಲ್ಲೇ ನಿಂತಿದ್ದನ್ನು ನೋಡಿ, “ಆತು, ಆರು ವಾರದಾಗ ನಾಕು ಬಾಗ್ಲ ಮಾಡಿ ತೋರ್ಸು,” ಎಂದರು.

ಮೆಷಿನ್ ಹೇಗೆ ಓಡುತ್ತದೆ ಅನ್ನುವುದು ನನಗೆ ಗೊತ್ತು, ಹನ್ನೊಂದು ವರ್ಷ ನೋಡಿದ್ದೇನೆ. ಜೋಡಿ ಕಟರ್‌ಗಳು ಗೊತ್ತು. ನಿಲುವುಪಟ್ಟಿಯ ಅಂಚಿನುದ್ದಕ್ಕೂ ಗ್ರೂವ್ ಕೊರೆಯುವುದು ಒಂದು, ಅಡ್ಡಪಟ್ಟಿಯ ತುದಿಗೆ ಆ ಗ್ರೂವಿನಲ್ಲಿ ಕೂರುವ ನಾಲಗೆ ಬಿಡುವುದು ಇನ್ನೊಂದು. ಆದರೆ ಎರಡನ್ನೂ ಒಂದೇ ಎತ್ತರಕ್ಕೆ ತರುವುದು ನನ್ನ ಕೈಗೆ ಹತ್ತುತ್ತಿಲ್ಲ. ನಿನ್ನೆ ಮಾಡಿದ ಒಂದು ಮೂಲೆಯನ್ನು ಈ ಕಾಗದದ ಜೊತೆ ಚೀಲದಲ್ಲಿ ಹಾಕಿ ಕಂಪ್ಲಿ ಬಸ್ಸಿನ ಕಂಡಕ್ಟರ್ ಪಾಲಪ್ಪನವರ ಕೈಗೆ ಕೊಟ್ಟಿದ್ದೇನೆ. ನೋಡಿ ಹೇಳಿ.

ಹಿಂದೆ ಒಮ್ಮೆ ನಿಮ್ಮನ್ನು ಕಲಿಸಿ ಅಂತ ಕೇಳಿದ್ದೆ. “ನಿನ್ನ ಕೈ ಪಾಲಿಶಿಗೆ ಐತಿ, ಅಲ್ಲೇ ಇರ್ಲಿ,” ಅಂದಿದ್ದಿರಿ. ನಿಮಗೆ ನೆನಪಿರಲಿಕ್ಕಿಲ್ಲ. ನನಗಿದೆ. ಆದರೂ ಬರೆಯುತ್ತಿದ್ದೇನೆ.

ಹೇಮಾವತಿ


ಕಂಪ್ಲಿ
11 ಜೂನ್ 2024

ಹೇಮಾವತಿಗೆ,

ನಾನು ಆ ಮೆಷಿನ್ನಿನ ಸಹವಾಸ ಬಿಟ್ಟಿದ್ದೇನೆ. ಹೊನ್ನೂರಸ್ವಾಮಿ ಮಾರುತ್ತಾನಾದರೆ ಮಾರಲಿ. ಕಾಗದದಲ್ಲಿ ಕಲಿಸುವ ವಿದ್ಯೆ ಇದಲ್ಲ. ನೀನು ಪಾಲಿಶ್ ಚೆನ್ನಾಗಿ ಮಾಡುತ್ತಿದ್ದೆ, ಅದನ್ನೇ ಮಾಡು.

ತುಂಡು ನೋಡಿದೆ. ಅಡ್ಡಪಟ್ಟಿ ನಿಲುವುಪಟ್ಟಿಗಿಂತ ಉಗುರಿನಷ್ಟು ಎದ್ದು ನಿಂತಿದೆ. ನೀನು ಎತ್ತರ ತಪ್ಪಿದ್ದೀಯ ಅಂದುಕೊಂಡು ಇಡೀ ದಿನ ನಟ್ಟು ತಿರುಗಿಸಿರುತ್ತೀಯ. ಎತ್ತರ ಸರಿಯಾಗಿಯೇ ಇದೆ. ಒಂದು ತುಂಡನ್ನು ಮುಖ ಕೆಳಗೆ ಮಾಡಿ ಕಟರಿಗೆ ಹೊಡೆದಿದ್ದೀಯ, ಇನ್ನೊಂದನ್ನು ಮುಖ ಮೇಲೆ ಮಾಡಿ. ಮರ ನಯಮಾಡುವ ಪ್ಲೇನರಿನಿಂದ ಬಂದ ಕೂಡಲೇ ಪ್ರತಿ ಪಟ್ಟಿಯ ಮುಖಕ್ಕೂ ಪೆನ್ಸಿಲ್ ಗುರುತು ಹಾಕಬೇಕು. ಗುರುತು ಇದ್ದ ಮುಖ ಯಾವಾಗಲೂ ಟೇಬಲ್ಲಿಗೆ. ಟೇಬಲ್ ಮೇಲೆ ಒಂದು ಚೂರು ಹೊಟ್ಟು ಉಳಿದರೂ ಲೆಕ್ಕ ತಪ್ಪುತ್ತದೆ, ಪ್ರತಿ ಸಲವೂ ಒರೆಸು.

ಇಷ್ಟು ಸಾಕು. ಇನ್ನು ಬರೆಯಬೇಡ.

ಜಂಬುನಾಥ


ಚಿತ್ತವಾಡ್ಗಿ
20 ಜೂನ್ 2024

ಮೇಸ್ತ್ರಿಯವರಿಗೆ,

ಬರೆಯಬೇಡ ಅಂದಿರಿ. ಬರೆಯುತ್ತಿದ್ದೇನೆ, ಯಾಕೆಂದರೆ ನೀವು ಹೇಳಿದ್ದು ನಿಜವಾಯಿತು. ಇಡೀ ದಿನ ನಟ್ಟು ತಿರುಗಿಸಿದ್ದೂ ನಿಜ. ಗುರುತು ಹಾಕಿ ಹೊಡೆದೆ. ಎರಡೂ ಮುಖ ಒಂದಾಗಿ ಕೂತವು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಎಲ್ಲಿ ಒಂದು ಪಟ್ಟಿ ಮುಗಿದು ಇನ್ನೊಂದು ಶುರುವಾಯಿತು ಅಂತ ತಿಳಿಯುವುದಿಲ್ಲ. ಹನ್ನೊಂದು ವರ್ಷ ಉಜ್ಜಿದ ಬೆರಳು ನನ್ನವು, ಅವು ಸುಳ್ಳು ಹೇಳುವುದಿಲ್ಲ.

ಈಗ ಬೇರೆ ತೊಂದರೆ. ಕೂಡಿಸಿದ ಮೇಲೆ ಒಳಗಡೆ ಬಿಗಿಯಾಗಿದೆ, ಹೊರಗಡೆ ಕಾಗದ ತೂರುವಷ್ಟು ಸಂದು. ಅಡ್ಡಪಟ್ಟಿಯನ್ನು ಕಚ್ಚಿಸಿ ತಳ್ಳುವ ಜಿಗ್ ಇದೆಯಲ್ಲ, ಅದು ಸೊಟ್ಟಗಾಗಿದೆಯೇನೋ ಅಂತ ಮೂಲೆಮಟ್ಟ ಇಟ್ಟು ನೋಡಿದೆ. ಸರಿಯಾಗಿಯೇ ಇದೆ. ಮೂರು ಸಲ ನೋಡಿದೆ. ತುಂಡು ಕಳಿಸಿದ್ದೇನೆ.

ನಮ್ಮ ಕೇರಿಯಲ್ಲಿ ಬಡಿಗತನ ಮಾಡಿದವರು ಯಾರೂ ಇಲ್ಲ. ಬೇರೆಯವರ ಹೊಲದಲ್ಲಿ ಕಳೆ ಕಿತ್ತವರೇ ಎಲ್ಲ. ಮೆಷಿನ್ ಮುಂದೆ ನಾನು ನಿಂತಾಗ ಕಾರ್ಖಾನೆಯವರು ನೋಡುವ ರೀತಿ ನಿಮಗೆ ಬರೆದು ತಿಳಿಸಬೇಕಾಗಿಲ್ಲ. ನೋಡಲಿ. ನಾಲ್ಕು ವಾರ ಉಳಿದಿದೆ.

ಹೇಮಾವತಿ


ಕಂಪ್ಲಿ
29 ಜೂನ್ 2024

ಹೇಮಾವತಿ,

ಮೂರು ಸಲ ನೋಡಿದೆ ಅಂದೆ. ನೂರು ಸಲ ನೋಡಿದರೂ ಅದೇ ಕಾಣುತ್ತದೆ, ನೋಡಿದ್ದು ಜಿಗ್ಗನ್ನು, ಮೂಲೆಮಟ್ಟವನ್ನಲ್ಲ. ಒಂದು ಹಲಗೆಯ ನೇರ ಅಂಚಿಗೆ ಮೂಲೆಮಟ್ಟ ಹಿಡಿದು ಗೆರೆ ಎಳೆ. ಮಗುಚಿ ಹಿಡಿದು ಅದೇ ಜಾಗದಲ್ಲಿ ಇನ್ನೊಂದು ಗೆರೆ ಎಳೆ. ಎರಡೂ ಒಂದೇ ಆದರೆ ಮಟ್ಟ ಸರಿ. ಕತ್ತರಿಯಂತೆ ಬಾಯಿ ಬಿಟ್ಟರೆ ಅದು ಯಾವಾಗಲೋ ಕೆಳಗೆ ಬಿದ್ದು ಸೊಟ್ಟಗಾಗಿದೆ. ಪ್ರವೀಣನೋ ಇನ್ನೊಬ್ಬನೋ ಬೀಳಿಸಿ ಸುಮ್ಮನೆ ಎತ್ತಿಟ್ಟಿರುತ್ತಾನೆ.

ಇನ್ನೂ ಎರಡು ಮಾತು. ಅಡ್ಡಪಟ್ಟಿಯ ತುದಿಯನ್ನು ಮೊದಲು ಹೊಡೆ, ಅಂಚನ್ನು ಆಮೇಲೆ. ತುದಿ ಹೊಡೆಯುವಾಗ ಕಟರ್ ಹೊರಬರುವ ಕಡೆ ಮರ ಸಿಬಿರೇಳುತ್ತದೆ. ಆಮೇಲೆ ಅಂಚು ಹೊಡೆದಾಗ ಆ ಸಿಬಿರು ಹೋಗಿಬಿಡುತ್ತದೆ. ಹಿಂದೆ ಒಂದು ಬೇಡದ ತುಂಡನ್ನು ಒತ್ತಾಗಿ ಕೊಡು. ನಾಲಗೆ ಕೈಯಿಂದ ಒತ್ತಿದರೆ ಒಳಗೆ ಹೋಗಬೇಕು, ಕೆಳಮುಖ ಮಾಡಿದರೆ ಬೀಳಬಾರದು. ಸುತ್ತಿಗೆ ಬೇಕಾಯಿತು ಅಂದರೆ ದಪ್ಪವಾಯಿತು. ಆಗ ನಾಲಗೆ ಕೊರೆಯುವ ಎರಡು ಅಲಗುಗಳ ನಡುವಿನ ತೆಳು ರಿಂಗ್ ಒಂದನ್ನು ತೆಗೆ. ಏನು ಮುಟ್ಟುವುದಾದರೂ ಮೊದಲು ಪ್ಲಗ್ ಕಿತ್ತು ನಿನ್ನ ಕಣ್ಣಿಗೆ ಕಾಣುವ ಹಾಗೆ ಟೇಬಲ್ ಮೇಲಿಡು. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವ ಮಾತನ್ನು ನಂಬಬೇಡ, ನಿನ್ನದೇ ಮಾತಾದರೂ.

ನಾನು ಇದನ್ನೆಲ್ಲ ಸದ್ದಿನ ಮೇಲೆ ಹಿಡಿಯುತ್ತಿದ್ದೆ. ಕಟರ್ ಹದ ತಪ್ಪಿದರೆ ಮೆಷಿನ್ನಿನ ದನಿ ಬದಲಾಗುತ್ತಿತ್ತು. ನೀನು ಬೆರಳಿನ ಮೇಲೆ ಹಿಡಿಯುತ್ತೀ. ಅದೂ ಆದೀತು.

ನಿನಗೆ ಕಲಿಸುವುದಿಲ್ಲ ಅಂದಿದ್ದು ನನಗೆ ನೆನಪಿದೆ.

ಜಂಬುನಾಥ


ಚಿತ್ತವಾಡ್ಗಿ
18 ಜುಲೈ 2024

ಮೇಸ್ತ್ರಿಯವರಿಗೆ,

ಮೂಲೆಮಟ್ಟ ಸೊಟ್ಟಗಿತ್ತು! ಎರಡು ಗೆರೆ ಬಾಯಿ ಬಿಟ್ಟಿದ್ದನ್ನು ನೋಡಿ ನನಗೆ ನಗು ಬಂತು, ಆಮೇಲೆ ಸಿಟ್ಟೂ ಬಂತು. ಹೊಸದು ತಂದು ಜಿಗ್ ಸರಿ ಮಾಡಿದೆ.

ಮೊನ್ನೆ ಮಂಗಳವಾರ ನಾಲ್ಕು ಬಾಗಿಲು ಕೂಡಿಸಿ ಗೋಡೆಗೆ ನಿಲ್ಲಿಸಿದೆ. ಓನರ್ ಬಂದು ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರು. ಎರಡು ಕಡೆಯೂ ಒಂದೇ ಅಳತೆ ಬಂತು. ಎರಡನೇ ಬಾಗಿಲಿಗೂ ಹಿಡಿದರು, ಮೂರನೆಯದಕ್ಕೂ. ಆಮೇಲೆ ಟೇಪ್ ಮಡಿಚಿ ಜೇಬಿಗಿಟ್ಟುಕೊಂಡು, “ಹೇಮಾ, ಸಂಡೂರಿಂದು ಪೂರ್ತಿ ನೀನ ಹೊಡಿ,” ಎಂದರು. ನಾನು ಹಿಂದೆ ಹೋಗಿ ನೀರು ಕುಡಿದು ಬಂದೆ.

ಈಗ ಒಂದು ಮಾತು ಕೇಳಬೇಕು. ಕಟರಿನ ಮೇಲೆ ಕೂರುವ ಕಬ್ಬಿಣದ ಮುಚ್ಚಳ ಇದೆಯಲ್ಲ, ಕೈ ಜಾರಿದರೂ ಬೆರಳು ಅಲಗಿಗೆ ತಾಗದ ಹಾಗೆ ತಡೆಯುವುದು. ಅದು ಇದ್ದರೆ ಪ್ರತಿ ಅಡ್ಡಪಟ್ಟಿಯನ್ನೂ ಜಿಗ್ಗಿಗೆ ಕಚ್ಚಿಸಿಯೇ ತಳ್ಳಬೇಕು. ಕೆಲಸ ನಿಧಾನ. ಹಾಸ್ಟೆಲಿನವರು ಅವಸರ ಮಾಡುತ್ತಿದ್ದಾರೆ. ನಿನ್ನೆ ಓನರ್ ಹೀಗೆಂದರು: “ಆ ಮುಚ್ಚಳ ತೆಗದು ಹೊಡಿಯವ್ವ, ದಿನಕ್ಕ ಒಂದು ಬಾಗ್ಲ ಜಾಸ್ತಿ ಬರ್ತೈತಿ. ಜಂಬುನಾಥ ಮೇಸ್ತ್ರಿ ಮುಚ್ಚಳ ಹಾಕ್ಕಂಡು ಹೊಡದಿದ್ದು ನಾ ನೋಡೇ ಇಲ್ಲ.”

ನಾಳೆ ನೋಡೋಣ ಅಂದಿದ್ದೇನೆ. ಮುಚ್ಚಳ ತೆಗೆದು ಹೊಡೆಯಬಹುದೇ? ಒಂದೇ ಮಾತಿನಲ್ಲಿ ಬರೆದರೂ ಸಾಕು.

ಹೇಮಾವತಿ


ಕಂಪ್ಲಿ
30 ಜುಲೈ 2024

ಹೇಮಾವತಿ,

ನಾಲ್ಕು ಬಾಗಿಲಿನ ಸುದ್ದಿ ಓದಿ ಸಂತೋಷವಾಯಿತು. ಚಂದ್ರಕಲಾಗೂ ಓದಿಸಿದೆ.

ನಲವತ್ತು ಬಾಗಿಲಿನ ಮರವನ್ನೆಲ್ಲ ಒಂದೇ ಸಲಕ್ಕೆ ಪ್ಲೇನರಿಗೆ ಹಾಕಿಸು. ಇವತ್ತೊಂದಿಷ್ಟು ನಾಳೆಯೊಂದಿಷ್ಟು ಮಾಡಿದರೆ ದಪ್ಪ ಕೂದಲೆಳೆಯಷ್ಟು ಬದಲಾಗುತ್ತದೆ, ಆಗ ಸೆಟ್ಟಿಂಗ್ ಕೆಟ್ಟಿತು ಅಂತ ನಿನಗನಿಸುತ್ತದೆ. ಅದೇ ಮರದ ಎರಡು ತುಂಡನ್ನು ಹೊಡೆದು ಬೇರೆ ತೆಗೆದಿಡು. ಕಟರ್ ಬಿಚ್ಚಿ ಮತ್ತೆ ಹಾಕಿದಾಗಲೆಲ್ಲ ಆ ತುಂಡುಗಳಿಗೆ ಹೊಂದಿಸಿದರೆ ಸಾಕು, ಮತ್ತೆ ಮೊದಲಿಂದ ಹುಡುಕಬೇಕಾಗಿಲ್ಲ. ಅಲಗಿಗೆ ಅಂಟು ಹಿಡಿದಿದ್ದರೆ ಸೀಮೆಎಣ್ಣೆಯಲ್ಲಿ ಒರೆಸು. ಹರಿತ ಹೋಗಿದ್ದರೆ ಜೋಡಿಯನ್ನು ಒಟ್ಟಿಗೇ ಕೊಡು. ಒಂದನ್ನೇ ಸಾಣೆ ಹಿಡಿಸಿದರೆ ಇನ್ನೊಂದಕ್ಕೆ ಹೊಂದುವುದಿಲ್ಲ.

ಇಲ್ಲಿ ನಾಟಿ ಶುರುವಾಗಿದೆ. ಕಾಲುವೆಗೆ ನೀರು ಬಿಟ್ಟಿದ್ದಾರೆ. ಕಿವಿ ಇದ್ದಾಗ ಕಪ್ಪೆಗಳ ಗದ್ದಲಕ್ಕೆ ಬಯ್ಯುತ್ತಿದ್ದೆ.

ಜಂಬುನಾಥ


ಚಿತ್ತವಾಡ್ಗಿ
8 ಆಗಸ್ಟ್ 2024

ಮೇಸ್ತ್ರಿಯವರಿಗೆ,

ಮರದ ಬಗ್ಗೆ ಬರೆದಿರಿ, ಅಲಗಿನ ಬಗ್ಗೆ ಬರೆದಿರಿ, ಕಪ್ಪೆಯ ಬಗ್ಗೆಯೂ ಬರೆದಿರಿ. ಮುಚ್ಚಳದ ಬಗ್ಗೆ ಬರೆಯಲಿಲ್ಲ.

ನಾನು ಮುಚ್ಚಳ ತೆಗೆದಿಲ್ಲ. ನಿಮ್ಮ ಉತ್ತರಕ್ಕೆ ಕಾದು ತೆಗೆಯದೆ ಉಳಿದದ್ದಲ್ಲ. ಹುಲಿಗೇಶನ ಕೈ ನನಗೆ ಮರೆತಿಲ್ಲ, ಅದಕ್ಕೆ.

ಅವತ್ತು 2017ರ ಆಗಸ್ಟ್. ಹುಲಿಗೇಶ ನಿಮ್ಮ ಕೈಕೆಳಗೆ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದ. ಮಧ್ಯಾಹ್ನ ಮೂರರ ಹೊತ್ತಿಗೆ ಅವನ ಬಲಗೈಯ ಮೂರು ಬೆರಳು ಹೋದವು. ಓನರ್ ಅವತ್ತು ಬಳ್ಳಾರಿಗೆ ಹೋಗಿದ್ದರು. ಸಂಜೆ ಬಂದಾಗ ನೀವು, “ಕುಡ್ದು ಬಂದಿದ್ದ್ರಿ, ನಾ ಬ್ಯಾಡ ಅಂದ್ರೂ ಮೆಷಿನ್ ಮುಟ್ಟಿದ,” ಅಂದಿರಿ. ಎಲ್ಲರೂ ಅದನ್ನೇ ಅಂದರು. ಒಂದು ತಿಂಗಳಿಗೆ ನೀವೂ ಕೆಲಸ ಬಿಟ್ಟಿರಿ.

ಅವತ್ತು ನೆಲ ತೊಳೆದವಳು ನಾನು. ಮುಚ್ಚಳ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಬೆಳಿಗ್ಗೆ ಅದನ್ನು ಬಿಚ್ಚಿ ಅಲ್ಲಿ ತೂಗುಹಾಕಿದ್ದು ಯಾರು ಅಂತ ನೋಡಿದ್ದೇನೆ. ಮೈ ಉರಿಯುವ ನೋವಿನಲ್ಲಿ ಅವನು ನನ್ನ ಹೆಗಲ ಮೇಲೆ ಒರಗಿದ್ದ. ಅವನ ಬಾಯಲ್ಲಿ ಹೆಂಡದ ವಾಸನೆಯೇ ಇರಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ. ಕೆಲಸ ಹೋದೀತೆಂದು ಹೆದರಿದ್ದೆ. ಉಜ್ಜುವವಳ ಮಾತು ಯಾರು ಕೇಳುತ್ತಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಓನರ್‌ಗೆ ಮೂರು ದಿನದ ಹಿಂದೆ ಹೇಳಿಬಿಟ್ಟೆ: “ಮುಚ್ಚಳ ತೆಗಿಯಂಗಿಲ್ರಿ. ಬ್ಯಾಡ ಅಂದ್ರ ಬ್ಯಾರೇರನ್ನ ಕರಸ್ರಿ.” ಅವತ್ತಿನಿಂದ ನನ್ನ ಜೊತೆ ಮಾತಾಡಿಲ್ಲ. ಬೇರೆಯವರನ್ನು ಕರೆಸಿಯೂ ಇಲ್ಲ. ಹನ್ನೊಂದು ಬಾಗಿಲು ಆಗಿವೆ.

ಹೇಮಾವತಿ


ಕಂಪ್ಲಿ
2 ಅಕ್ಟೋಬರ್ 2024

ಹೇಮಾವತಿ,

ನಿನ್ನ ಕಾಗದ ಬಂದು ಏಳು ವಾರವಾಯಿತು. ಐದು ಸಲ ಬರೆದು ಹರಿದೆ.

ಮುಚ್ಚಳ ಬಿಚ್ಚಿದವನು ನಾನೇ. ಆ ದಿನ ಹಂಪಿ ಕಡೆಯ ಒಂದು ಹೋಟೆಲಿನ ಬಾಗಿಲುಗಳನ್ನು ಸಂಜೆಯೊಳಗೆ ಮುಗಿಸುತ್ತೇನೆ ಅಂತ ನಾನೇ ಮಾತು ಕೊಟ್ಟಿದ್ದೆ. ಹೊನ್ನೂರಸ್ವಾಮಿ ಕೇಳಿರಲಿಲ್ಲ. ಜಂಬುನಾಥ ಅಂದರೆ ಎಂಥ ಕೈ ಅಂತ ನಾಲ್ಕು ಜನ ಅನ್ನಬೇಕಿತ್ತು. ಹುಲಿಗೇಶ, “ಮೇಸ್ತ್ರಿ, ಮುಚ್ಚಳ ಹಾಕ್ಲೇನ್ರಿ?” ಅಂದ. “ಹೆದ್ರಂಗಿದ್ರ ಹೆಂಗಸ್ರ ಸಂಗಾಟ ಕುಂತು ಉಜ್ಜಲೇ,” ಅಂದೆ. ಅವನು ಮೆಷಿನ್ನಿಗೆ ನಿಂತ. ಹತ್ತು ನಿಮಿಷವೂ ಆಗಿರಲಿಲ್ಲ. ಮರದಲ್ಲಿ ಗಂಟಿತ್ತು, ತುಂಡು ಹಿಂದಕ್ಕೆ ಹೊಡೆಯಿತು, ಕೈ ಒಳಗೆ ಹೋಯಿತು.

ಅವನು ಕುಡಿದಿರಲಿಲ್ಲ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ ಅಂತ ಬರೆಯಹೊರಟಿದ್ದೆ. ಅದೂ ಸುಳ್ಳು. ಹೇಗೆ ಬಂತು ಅಂತ ಗೊತ್ತು. ದಾರಿಯಲ್ಲಿ, ಆಸ್ಪತ್ರೆಯಿಂದ ವಾಪಸು ಬರುವಾಗ, ಯೋಚನೆ ಮಾಡಿಯೇ ಹೇಳಿದೆ.

ಕುಡುಕ ಅಂತ ಹೆಸರು ಬಿದ್ದಮೇಲೆ ಅವನನ್ನು ಯಾರೂ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲವಂತೆ. ಅವನ ಹೆಂಡತಿ ಒಂದು ವರ್ಷ ತವರಿನಲ್ಲಿದ್ದಳಂತೆ. ಇದೆಲ್ಲ ನನ್ನ ಕಿವಿಗೆ ಬಿದ್ದಾಗ ಕಿವಿ ಇನ್ನೂ ಕೇಳಿಸುತ್ತಿತ್ತು. ಆದರೂ ಏನೂ ಮಾಡದೆ ಕೂತಿದ್ದೆ.

ನಿನಗೆ ಮೆಷಿನ್ ಮುಟ್ಟಬೇಡ ಅಂದದ್ದಕ್ಕೆ ಕಾರಣ ನಿನ್ನ ಕೈ ಅಲ್ಲ. ಆ ಮಾತನ್ನು ವಿವರಿಸಿ ಬರೆಯಲು ನಾಚಿಕೆಯಾಗುತ್ತದೆ. ನಿನ್ನ ಕೇರಿಯ ಮಾತು ಬರೆದಾಗ ನೀನು ಊಹಿಸಿದ್ದೇ ಸರಿ.

ಇದರೊಳಗೆ ಇನ್ನೊಂದು ಲಕೋಟೆ ಇದೆ. ಹುಲಿಗೇಶನಿಗೆ. ಅಂಟಿಸಿಲ್ಲ, ನೀನು ಓದು. ಎಲ್ಲಿಯಾದರೂ ನನ್ನನ್ನು ನಾನು ಉಳಿಸಿಕೊಂಡು ಬರೆದಿದ್ದರೆ ಕೊಡಬೇಡ, ವಾಪಸು ಕಳಿಸು, ಮತ್ತೆ ಬರೆಯುತ್ತೇನೆ. ಹೊನ್ನೂರಸ್ವಾಮಿಗೂ ಬೇರೆ ಬರೆದು ಇವತ್ತೇ ಅಂಚೆಗೆ ಹಾಕಿದ್ದೇನೆ.

ಮುಚ್ಚಳ ತೆಗೆಯಬೇಡ. ಯಾರು ಹೇಳಿದರೂ ತೆಗೆಯಬೇಡ.

ಜಂಬುನಾಥ


ಚಿತ್ತವಾಡ್ಗಿ
28 ಅಕ್ಟೋಬರ್ 2024

ಮೇಸ್ತ್ರಿಯವರಿಗೆ,

ನಿಮ್ಮ ಲಕೋಟೆ ಮೂರು ವಾರ ನನ್ನ ಹತ್ತಿರವೇ ಇತ್ತು. ಓದಿದೆ. ವಾಪಸು ಕಳಿಸುವಂಥದ್ದು ಏನೂ ಇರಲಿಲ್ಲ. ಆದರೆ ಅದನ್ನು ಕೊಡುವಾಗ ನನ್ನ ಮಾತನ್ನೂ ಹೇಳಬೇಕಿತ್ತಲ್ಲ, ಆ ಧೈರ್ಯಕ್ಕೆ ಇಷ್ಟು ದಿನ ಬೇಕಾಯಿತು.

ಮೊದಲು ಕೆಲಸದ ಸುದ್ದಿ. ನಲವತ್ತೂ ಬಾಗಿಲು ಮುಗಿದವು. ಹೇಳಿದ ದಿನಕ್ಕಿಂತ ಹನ್ನೆರಡು ದಿನ ತಡವಾಯಿತು. ನಾನೇ ಸಂಡೂರಿಗೆ ಹೋಗಿ ಕೂರಿಸುವುದನ್ನು ನೋಡಿ ಬಂದೆ. ಒಂದು ಬಾಗಿಲು ಚೌಕಟ್ಟಿಗೆ ತಾಗುತ್ತಿತ್ತು, ಅದು ಗಾರೆಯವರ ತಪ್ಪು, ನಮ್ಮದಲ್ಲ. ಓನರ್‌ಗೆ ನೀವು ಬರೆದ ಕಾಗದ ಬಂದ ದಿನ ಅವರು ಅದನ್ನು ಹಿಡಿದು ಮೆಷಿನ್ ಹತ್ತಿರ ಬಂದರು. “ನಾನೂ ಆ ಹುಡುಗನ ಮುಖ ನೋಡ್ಲಿಲ್ಲ ಹೇಮಾ, ಕೇಳ್ಲೂ ಇಲ್ಲ,” ಅಂದರು. ಮುಚ್ಚಳದ ಮಾತು ಆಮೇಲೆ ಎತ್ತಲಿಲ್ಲ.

ನಿನ್ನೆ ಭಾನುವಾರ ಹಂಪಿಗೆ ಹೋದೆ. ಹುಲಿಗೇಶ ಅಲ್ಲಿ ಗಾಡಿಗಳ ಸ್ಟ್ಯಾಂಡಿನಲ್ಲಿ ಚೀಟಿ ಹರಿಯುವ ಕೆಲಸ ಮಾಡುತ್ತಾನೆ. ಎಡಗೈಯಲ್ಲೇ ಎಲ್ಲ. ನನ್ನನ್ನು ನೋಡಿ ಗುರುತು ಹಿಡಿದ. ಲಕೋಟೆ ಕೊಟ್ಟೆ. ನಿಂತಲ್ಲೇ ಓದಿದ. ಒಬ್ಬರು ಬೈಕ್ ತೆಗೆಯಲು ಬಂದು ಕರೆದರೂ ಅವನಿಗೆ ತಿಳಿಯಲಿಲ್ಲ.

ಆಮೇಲೆ ಕಾಗದ ಮಡಿಚಿ ನನಗೇ ವಾಪಸು ಕೊಟ್ಟ. “ನಾ ಓದಿದ್ರ ಏನು ಬಂತಕ್ಕ? ನನಗ ಗೊತ್ತಿದ್ದದ್ದ ಇದು. ಮನಿಗೆ ಬರ್ರಿ. ಹುಲುಗಮ್ಮನ ಮುಂದ ಓದ್ರಿ.”

ಕಡ್ಡಿರಾಂಪುರದ ಅವನ ಮನೆಗೆ ಹೋದೆವು. ಅವನ ಹೆಂಡತಿ ಹುಲುಗಮ್ಮ ಮೊರದಲ್ಲಿ ಶೇಂಗಾ ಹಾಕಿಕೊಂಡು ಸುಲಿಯುತ್ತಿದ್ದಳು. ನಾನು ಮೊದಲಿಂದ ಓದಿದೆ. ‘ಅವನು ಕುಡಿದಿರಲಿಲ್ಲ’ ಅನ್ನುವಲ್ಲಿಗೆ ಬಂದಾಗ ಅವಳ ಕೈ ನಿಂತಿತು.

“ಇನ್ನೊಮ್ಮೆ ಓದ್ರಿ,” ಅಂದಳು.

ಓದಿದೆ.

ಅವಳು ಗಂಡನ ಕಡೆ ತಿರುಗಿದಳು. “ನೀ ಹೇಳಿದ್ದಿ. ಆಸ್ಪತ್ರ್ಯಾಗ ಹೇಳಿದ್ದಿ. ಆಮ್ಯಾಲೂ ಹೇಳಿದ್ದಿ. ನಾ ನಂಬ್ಲಿಲ್ಲ,” ಅಂದಳು. ಅವನು ಮೊರವನ್ನು ತನ್ನ ಕಡೆ ಎಳೆದುಕೊಂಡು ಎಡಗೈಯಲ್ಲಿ ಒಂದೊಂದೇ ಶೇಂಗಾ ಒಡೆಯತೊಡಗಿದ.

ನಾನು ನನ್ನದನ್ನೂ ಹೇಳಿದೆ. ಮೊಳೆಗೆ ನೇತಾಡುತ್ತಿದ್ದ ಮುಚ್ಚಳ, ವಾಸನೆ ಇರದಿದ್ದದ್ದು, ನನ್ನ ಬಾಯಿ ಕಟ್ಟಿದ್ದು. ತಲೆ ಎತ್ತಿ ಹೇಳಬೇಕು ಅಂದುಕೊಂಡಿದ್ದೆ, ಆಗಲಿಲ್ಲ. ಹುಲಿಗೇಶ ನನ್ನನ್ನು ನೋಡದೆಯೇ ಹೇಳಿದ: “ನೀವು ಗ್ವಾಡಿ ಕಡಿ ಕುಂತು ಎಲ್ಲ ನೋಡಿದ್ರಿ. ಓನರ್ ಬಂದ ಮ್ಯಾಲ ನೀವಾದ್ರೂ ಹೇಳಿರ್ತೀರಿ ಅಂತ ಭಾಳ ದಿನ ಅನ್ಕಂಡಿದ್ದೆ.”

ಹೊರಡುವಾಗ ಬಾಗಿಲ ತನಕ ಬಂದು ಕೇಳಿದ, “ಮೇಸ್ತ್ರಿ ಯಾಕ ಬರ್ಲಿಲ್ಲ?”

ನಿಮಗೆ ಕಿವಿ ಹೋಗಿದೆ, ಯಾರು ಏನಂದರೂ ಕೇಳಿಸುವುದಿಲ್ಲ ಅಂತ ಹೇಳಿದೆ.

“ಅವ್ರಿಗೆ ಕೇಳ್ಸೋದು ಬ್ಯಾಡಕ್ಕ. ಬಾಯಿ ಐತಲ್ಲ? ಅವತ್ತ ಕಾರ್ಖಾನ್ಯಾಗ ಎಲ್ರ ಮುಂದ ಅಂದ್ರು. ಅಲ್ಲೇ ಬಂದು, ಎಲ್ರ ಮುಂದ, ಇದನ್ನ ಅನ್ಲಿ. ಕೇಳಾಕ ನಾನಿದ್ದೀನಿ.”

ಅವನು ಹೇಳಿದ್ದನ್ನು ಹಾಗೇ ಬರೆದಿದ್ದೇನೆ. ಮುಂದಿನದು ನಿಮಗೆ ಬಿಟ್ಟದ್ದು. ನೀವು ಬಂದರೂ ಬರದಿದ್ದರೂ ನಾನು ನೋಡಿದ್ದನ್ನು ನಾನು ಕಾರ್ಖಾನೆಯಲ್ಲಿ ಹೇಳುತ್ತೇನೆ. ದೀಪಾವಳಿ ಕಳೆದ ಮೇಲೆ.

ಹೇಮಾವತಿ


ಕಂಪ್ಲಿ
9 ನವೆಂಬರ್ 2024

ಹೇಮಾವತಿ,

ಮಂಗಳವಾರ ಬೆಳಿಗ್ಗೆ ಪಾಲಪ್ಪನ ಬಸ್ಸಿಗೆ ಬರುತ್ತೇನೆ. ಚಂದ್ರಕಲಾ ತಾನೂ ಬರುತ್ತೇನೆ ಅಂತ ಚೀಟಿಯಲ್ಲಿ ಬರೆದಳು. ಬೇಡ ಅಂದೆ. ಮಗಳ ಮುಂದೆ ಹೇಳಲು ಹೆದರಿಕೆಯೇ ಅಂತ ಬರೆದು ಕೇಳಿದಳು. ಆಗ ಬಾ ಅಂದೆ.

ಹುಲಿಗೇಶನಿಗೂ ಅವನ ಹೆಂಡತಿಗೂ ಹತ್ತು ಗಂಟೆಗೆ ಬರಲು ಹೇಳು. ಹೊನ್ನೂರಸ್ವಾಮಿಗೂ ಹೇಳು, ಆ ದಿನ ಬಳ್ಳಾರಿಗೆ ಹೋಗಬಾರದು ಅಂತ. ನನ್ನ ಕಾಲದವರಲ್ಲಿ ಕೆಲಸ ಬಿಟ್ಟವರೂ ಇದ್ದಾರೆ, ದೊಡ್ಡಬಸಪ್ಪ, ಹುಸೇನಪ್ಪ. ಅವತ್ತು ಅವರೂ ಕೇಳಿಸಿಕೊಂಡಿದ್ದರು. ಅವರನ್ನೂ ಕರೆಸು.

ಕಿವುಡನಾದ ಮೇಲೆ ನನ್ನ ದನಿ ನನಗೇ ತಿಳಿಯುವುದಿಲ್ಲ. ಕಿರುಚುತ್ತಿದ್ದೇನೋ ಪಿಸುಗುಡುತ್ತಿದ್ದೇನೋ ಗೊತ್ತಾಗುವುದಿಲ್ಲ. ಎಲ್ಲ ಮೆಷಿನ್‌ಗಳನ್ನೂ ಬಂದ್ ಮಾಡಿಸು. ಕೇಳಿಸದಿದ್ದವರು ಕೈ ಎತ್ತಲಿ, ಮತ್ತೆ ಹೇಳುತ್ತೇನೆ.

ಜಂಬುನಾಥ